ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದೇ ಶಬ್ದ: ಸ್ಟಾರ್ಟರ್ ಬಿಚ್ಚುವ ಮೊದಲು ಏನು ಅಳೆಯಬೇಕು?

ಪ್ರಶ್ನೆ: ಸರ್, ನಮ್ಮದು 2012ರ ಓಮ್ನಿ, ಪೆಟ್ರೋಲ್. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ತೋಟಕ್ಕೆ, ಪೇಟೆಗೆ ಇದೇ ಗಾಡಿ. ಎರಡು ತಿಂಗಳಿಂದ ಕೀ ತಿರುಗಿಸಿದರೆ ಕೆಲವೊಮ್ಮೆ ‘ಟಕ್’ ಅಂತ ಒಂದೇ ಶಬ್ದ ಬರುತ್ತದೆ, ಎಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ತಿರುಗಿಸಿದರೆ ಒಮ್ಮೆ ಹಿಡಿಯುತ್ತದೆ. ಗಾಡಿ ಬಿಸಿಯಾಗಿದ್ದಾಗ ತೊಂದರೆ ಜಾಸ್ತಿ. ಬ್ಯಾಟರಿ ಹೊಸದು. ಗ್ಯಾರೇಜಿನವರು ಸ್ಟಾರ್ಟರಿಗೆ ಸ್ಪ್ಯಾನರಿನಿಂದ ತಟ್ಟಿದಾಗ ಸ್ಟಾರ್ಟ್ ಆಯಿತು. ಇಡೀ ಸ್ಟಾರ್ಟರ್ ಹೊಸದು ಹಾಕಬೇಕು ಅಂದರು. ನನ್ನ ಹತ್ತಿರ ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಸೋಲ್ಡರಿಂಗ್ ಐರನ್ ಇವೆ. ಪಂಪ್‌ಸೆಟ್ಟಿನ ಸಣ್ಣ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಬಿಚ್ಚುವ ಕೆಲಸ ಆಮೇಲೆ. ಮೊದಲು ಮೀಟರ್ ಹಿಡಿದು ಅರ್ಧ ಗಂಟೆ ಕೂರಬೇಕು.

ನೀವು ಬರೆದ ಲಕ್ಷಣ ನೋಡಿದರೆ ಎರಡರಲ್ಲಿ ಒಂದಾಗಿರಬಹುದು. ಸ್ಟಾರ್ಟರ್ ಒಳಗೆ ತಿರುಗುವ ಭಾಗಕ್ಕೆ ತಾಗಿ ಕರೆಂಟು ಕೊಡುವ ಕಾರ್ಬನ್ ಬ್ರಷ್ ಸವೆದು ಗಿಡ್ಡವಾಗಿದೆ, ಇಲ್ಲವೇ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಎರಡೂ ಸಣ್ಣ ಭಾಗಗಳು. ಅಷ್ಟಕ್ಕೇ ಇಡೀ ಸ್ಟಾರ್ಟರ್ ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಮಾತು. ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ ಹೋಗುವ ಅರ್ತ್ ಕೇಬಲ್ ಸಡಿಲವಾದರೂ ಇದೇ ‘ಟಕ್’ ಶಬ್ದ ಬರುತ್ತದೆ. ಹಾಗಿದ್ದರೆ ಹೊಸ ಸ್ಟಾರ್ಟರ್ ಹಾಕಿದ ಮೇಲೂ ಅದೇ ‘ಟಕ್’. ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಅದಕ್ಕೇ ಅಳತೆ ಮೊದಲು ಅನ್ನುತ್ತಿದ್ದೇನೆ.

ಸ್ಪ್ಯಾನರಿನಿಂದ ತಟ್ಟುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ತಟ್ಟಿದರೆ ಸ್ಟಾರ್ಟ್ ಆಗುವುದು ನಿಜ. ಅಂಟಿಕೊಂಡ ಬ್ರಷ್ ಅಲುಗಾಡಿ ಸ್ವಲ್ಪ ತಾಗುತ್ತದೆ, ಅದಕ್ಕೇ ತಿರುಗುತ್ತದೆ. ಆದರೆ ಈಗಿನ ಎಷ್ಟೋ ಸಣ್ಣ ಕಾರಿನ ಸ್ಟಾರ್ಟರುಗಳಲ್ಲಿ ಫೀಲ್ಡ್ ಕಾಯಿಲ್, ಅಂದರೆ ಒಳಗೋಡೆಯ ತಂತಿ ಸುರುಳಿ, ಇರುವುದಿಲ್ಲ. ಅದರ ಬದಲು ಆಯಸ್ಕಾಂತದ ತುಂಡುಗಳನ್ನು ಅಂಟಿಸಿರುತ್ತಾರೆ. ಅವು ಪಿಂಗಾಣಿಯ ಹಾಗೆ ಬಿರುಸು. ಏಟು ಬಿದ್ದರೆ ಸೀಳುತ್ತವೆ. ಸೀಳಿದ ಚೂರು ಒಳಗೆ ತಿರುಗುವ ಭಾಗವಾದ ಆರ್ಮೇಚರಿಗೆ ಸಿಕ್ಕಿದರೆ ಆಗ ನಿಜವಾಗಿಯೂ ಹೊಸ ಸ್ಟಾರ್ಟರೇ ಬೇಕಾಗುತ್ತದೆ.

ಕೀ ತಿರುಗಿಸಿದಾಗ ಏನಾಗುತ್ತದೆ ಅಂತ ಒಮ್ಮೆ ಮನಸ್ಸಿನಲ್ಲಿ ಕೂತರೆ ಮುಂದಿನ ಅಳತೆಗಳೆಲ್ಲ ಸುಲಭ. ಸ್ಟಾರ್ಟರಿನ ಬೆನ್ನಿಗೆ ಅಂಟಿಕೊಂಡ ಸಣ್ಣ ಡಬ್ಬಿ ಸೊಲೆನಾಯ್ಡ್. ಅದರಲ್ಲಿ ಮೂರು ಕನೆಕ್ಷನ್ ಇವೆ. ಬ್ಯಾಟರಿಯಿಂದ ನೇರ ಬರುವ ದಪ್ಪ ಕೇಬಲ್ಲಿನ ಬೋಲ್ಟ್ ‘ಬಿ’. ಕೀಯಿಂದ ಬರುವ ಸಣ್ಣ ವೈರಿನ ತುದಿ ‘ಎಸ್’. ಸೊಲೆನಾಯ್ಡಿನಿಂದ ಮೋಟಾರಿನ ಹೊಟ್ಟೆಯೊಳಗೆ ಹೋಗುವ ದಪ್ಪ ತಾಮ್ರದ ಜಡೆಯ ಬೋಲ್ಟ್ ‘ಎಂ’. ಕೆಲವು ಸ್ಟಾರ್ಟರುಗಳ ಮೇಲೆ ‘ಬಿ’ಗೆ 30 ಅಂತಲೂ ‘ಎಸ್’ಗೆ 50 ಅಂತಲೂ ಬರೆದಿರುತ್ತದೆ.

ಕೀ ತಿರುಗಿಸಿದಾಗ ‘ಎಸ್’ಗೆ 12 ವೋಲ್ಟ್ ಬರುತ್ತದೆ. ಸೊಲೆನಾಯ್ಡ್ ಒಳಗೆ ಎರಡು ಕಾಯಿಲ್ ಇವೆ. ಒಂದು ಎಳೆಯುವ ಕಾಯಿಲ್, ಇನ್ನೊಂದು ಹಿಡಿದಿಡುವ ಕಾಯಿಲ್. ಎರಡೂ ಸೇರಿ ಒಳಗಿನ ಕಬ್ಬಿಣದ ಪ್ಲಂಜರನ್ನು ಎಳೆಯುತ್ತವೆ. ಪ್ಲಂಜರ್ ಒಂದು ಫೋರ್ಕನ್ನು ಎಳೆಯುತ್ತದೆ, ಫೋರ್ಕ್ ಪಿನಿಯನ್ ಗೇರನ್ನು ಮುಂದೆ ತಳ್ಳಿ ಫ್ಲೈವೀಲಿನ ರಿಂಗ್ ಗೇರಿಗೆ ಸೇರಿಸುತ್ತದೆ. ಪ್ಲಂಜರ್ ಕೊನೆ ಮುಟ್ಟಿದಾಗ ತಾಮ್ರದ ಬಿಲ್ಲೆಯೊಂದು ‘ಬಿ’ ಮತ್ತು ‘ಎಂ’ ಬೋಲ್ಟುಗಳ ಮೇಲೆ ಕೂರುತ್ತದೆ. ಆಗ ದೊಡ್ಡ ಕರೆಂಟು ಮೋಟಾರಿಗೆ ಹರಿಯುತ್ತದೆ. ನೀವು ಕೇಳುತ್ತಿರುವ ‘ಟಕ್’ ಈ ಪ್ಲಂಜರ್ ಬಂದು ಬಡಿದ ಶಬ್ದ. ಅಂದರೆ ಕೀ, ಫ್ಯೂಸ್, ಸಣ್ಣ ವೈರು ತಮ್ಮ ಕೆಲಸ ಸುಮಾರಾಗಿ ಮಾಡುತ್ತಿವೆ. ತೊಂದರೆ ಅಲ್ಲಿಂದ ಮುಂದೆ ಇರುವ ಸಂಭವ ಹೆಚ್ಚು.

ಇಲ್ಲಿ ಒಂದು ವಿಷಯ ಎಷ್ಟೋ ಮೆಕ್ಯಾನಿಕ್‌ಗಳೂ ಗಮನಿಸುವುದಿಲ್ಲ. ಹಿಡಿದಿಡುವ ಕಾಯಿಲಿಗೆ ಅರ್ತ್ ಸಿಗುವುದು ಸೊಲೆನಾಯ್ಡಿನ ಬಾಡಿಯಿಂದ. ಎಳೆಯುವ ಕಾಯಿಲಿಗೆ ಅರ್ತ್ ಸಿಗುವುದು ‘ಎಂ’ ಮೂಲಕ, ಅಂದರೆ ಮೋಟಾರಿನ ಬ್ರಷ್‌ಗಳನ್ನು ಹಾದು. ಬ್ರಷ್ ಪೂರಾ ಬಿಟ್ಟುಕೊಂಡರೆ ಎಳೆಯುವ ಕಾಯಿಲಿಗೆ ದಾರಿಯೇ ಇಲ್ಲ. ‘ಟಕ್’ ಕೂಡ ಬರದೆ ಗಾಡಿ ಮೌನವಾಗಬಹುದು. ಜನ ಆಗ ಸೊಲೆನಾಯ್ಡ್ ಹೋಯಿತು ಅಂತ ಅದನ್ನು ಬದಲಾಯಿಸುತ್ತಾರೆ, ತಪ್ಪು ಬ್ರಷ್‌ನದ್ದು. ನಿಮ್ಮ ಗಾಡಿಯಲ್ಲಿ ಬ್ರಷ್ ಅರೆಬರೆ ತಾಗುತ್ತಿದ್ದರೆ ಪ್ಲಂಜರ್ ಎಳೆಯುವಷ್ಟು ಕರೆಂಟು ಹೋಗುತ್ತದೆ, ಎಂಜಿನ್ ತಿರುಗಿಸುವಷ್ಟು ಹೋಗುವುದಿಲ್ಲ.

ಬಿಸಿಯಾದಾಗ ಜಾಸ್ತಿ ಯಾಕೆ? ತಾಮ್ರ ಬಿಸಿಯಾದಷ್ಟೂ ಅದರ ಪ್ರತಿರೋಧ ಏರುತ್ತದೆ. 50 ಡಿಗ್ರಿ ಜಾಸ್ತಿಯಾದರೆ ಸುಮಾರು 20 ಶೇಕಡಾ ಏರಿಕೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಮುಚ್ಚಿದ ಗೂಡಿನಲ್ಲಿದೆ. ಶಾಖ ಅಲ್ಲೇ ನಿಲ್ಲುತ್ತದೆ. ಮೊದಲೇ ಸೋತ ಬ್ರಷ್, ಸುಟ್ಟ ಕಾಂಟ್ಯಾಕ್ಟ್ ಇದ್ದರೆ ಆ ಶಾಖ ಅದನ್ನು ಅಂಚಿನಿಂದ ಆಚೆ ತಳ್ಳುತ್ತದೆ.

ಈಗ ಕೆಲಸ ಶುರು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಗಾಡಿಗೆ ಗ್ಯಾಸ್ ಕಿಟ್ ಹಾಕಿಸಿದ್ದರೆ ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಗ್ಯಾಸ್ ಅಥವಾ ಪೆಟ್ರೋಲ್ ವಾಸನೆ ಇದ್ದರೆ ಕೆಲಸಕ್ಕೆ ಕೈಹಾಕಲೇಬೇಡಿ. ಮುಂದಿನ ಕೆಲವು ಹೆಜ್ಜೆಗಳಲ್ಲಿ ಕಿಡಿ ಹಾರುವುದು ಖಂಡಿತ.

ಮೊದಲ ಪರೀಕ್ಷೆಗೆ ಮೀಟರೂ ಬೇಡ. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ನೋಡುತ್ತಾ ಯಾರಾದರೂ ಕೀ ತಿರುಗಿಸಲಿ. ‘ಟಕ್’ ಅಂದಾಗ ಲೈಟು ಹಾಗೇ ಇದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ. ಕಾಂಟ್ಯಾಕ್ಟ್, ಬ್ರಷ್ ಅಥವಾ ಕೇಬಲ್ಲಿನಲ್ಲಿ ದಾರಿ ಕಡಿದಿದೆ. ಲೈಟು ಪೂರಾ ಮಂಕಾದರೆ ಬ್ಯಾಟರಿ ಸೋತಿದೆ, ಅಥವಾ ಕರೆಂಟು ಚೆನ್ನಾಗಿ ಹೋಗುತ್ತಿದೆ ಆದರೆ ಮೋಟಾರ್ ಇಲ್ಲವೇ ಎಂಜಿನ್ ಬಿಗಿದಿದೆ. ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೂ ಹೀಗೇ. ‘ಕಟಕಟಕಟ’ ಅಂತ ಸತತ ಶಬ್ದ ಬಂದರೆ ಸಾಮಾನ್ಯವಾಗಿ ಬ್ಯಾಟರಿ ಅಥವಾ ಟರ್ಮಿನಲ್ಲಿನ ದೋಷ. ಹಿಡಿದಿಡುವ ಕಾಯಿಲ್ ಕಡಿದಿದ್ದರೂ ಹಾಗೇ ಬಡಿಯುತ್ತದೆ.

ಆಮೇಲೆ ಬ್ಯಾಟರಿ. ಹೊಸದು ಅಂದಿರಿ, ಆದರೂ ಅಳೆಯಿರಿ. ಹೊಸ ಬ್ಯಾಟರಿಯೂ ಚಾರ್ಜ್ ಇಲ್ಲದೆ ಇರಬಹುದು, ಆಲ್ಟರ್ನೇಟರ್ ಸರಿಯಾಗಿ ತುಂಬದೆ ಇರಬಹುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಸುತ್ತ ಇದ್ದರೆ ಪೂರ್ತಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದದ್ದು ಆಮೇಲೆ. ಎಂಜಿನ್ ತಿರುಗುತ್ತಿರುವಾಗ ಬ್ಯಾಟರಿಯಲ್ಲಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು.

ಇನ್ನು ಇಡೀ ಪರೀಕ್ಷೆಯ ಜೀವಾಳ. ದಪ್ಪ ಕೇಬಲ್ಲುಗಳನ್ನು ಮೀಟರಿನ ಓಮ್ ಅಥವಾ ಬೀಪ್ ಸ್ಥಾನದಲ್ಲಿಟ್ಟು ಪರೀಕ್ಷಿಸಬೇಡಿ. ಅದು ಸುಮ್ನೆ ಸಮಯ ಹಾಳು. ಲೆಕ್ಕ ನೋಡಿ. ಇಂಥ ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸಲು ಸ್ಟಾರ್ಟರ್ 100ರಿಂದ 150 ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಜಾಯಿಂಟಿನಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಪ್ರತಿರೋಧ ಇದೆ ಅಂದುಕೊಳ್ಳಿ. 150 ಆಂಪಿಯರಿಗೆ ಅಲ್ಲೇ 1.5 ವೋಲ್ಟ್ ಹೋಯಿತು. ಆ ಒಂದು ಜಾಯಿಂಟಿನಲ್ಲಿ 225 ವ್ಯಾಟ್ ಶಾಖ. ಕೈಯಲ್ಲಿ ಹಿಡಿಯುವ ಮೀಟರಿಗೆ ನೂರನೇ ಒಂದು ಓಮ್ ಕಾಣಿಸುವುದಿಲ್ಲ. ಅದು ‘ಬೀಪ್’ ಅಂದು ಎಲ್ಲ ಸರಿ ಇದೆ ಅನ್ನುತ್ತದೆ. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಎಳೆ ಉಳಿದ ಕೇಬಲ್ಲೂ ಬೀಪ್ ಅನ್ನುತ್ತದೆ. ಹಾಗಾಗಿ ಕರೆಂಟು ಹರಿಯುತ್ತಿರುವಾಗ ಎಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಅಳೆಯಬೇಕು.

ಅದಕ್ಕೆ ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು ಒಮ್ಮೆ ಸೆಲ್ಫ್ ಹೊಡೆದು ಲೈನಿನಲ್ಲಿ ಉಳಿದ ಪೆಟ್ರೋಲ್ ಮುಗಿಸಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಪ್ರೋಬ್ ಬ್ಯಾಟರಿಯ ಪ್ಲಸ್ ಸೀಸದ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರಿನ ‘ಬಿ’ ಬೋಲ್ಟಿನ ಮೇಲೆ. ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೇ. ಕ್ಲ್ಯಾಂಪಿಗೂ ಕಂಬಕ್ಕೂ ನಡುವೆಯೇ ಬೂಸ್ಟು ಕೂತಿರುತ್ತದೆ. ಈಗ ಸಹಾಯಕರು ಮೂರ್ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಯಲಿ. ಎಂಜಿನ್ ತಿರುಗುವಾಗ ಮೀಟರ್ 0.2ರಿಂದ 0.3 ವೋಲ್ಟ್ ತೋರಿಸಿದರೆ ಸರಿ. 0.5 ದಾಟಿದರೆ ಪ್ಲಸ್ ಕೇಬಲ್ ಅಥವಾ ಅದರ ತುದಿಯ ಲೋಹದ ಬಳೆ (ಥಿಂಬಲ್) ಕೆಟ್ಟಿದೆ. ಹಾಗೇ ಬ್ಯಾಟರಿಯ ಮೈನಸ್ ಕಂಬಕ್ಕೂ ಸ್ಟಾರ್ಟರಿನ ಲೋಹದ ಬಾಡಿಗೂ ನಡುವೆ ಅಳೆಯಿರಿ. ಅಲ್ಲೂ 0.3ರ ಒಳಗೆ ಇರಬೇಕು.

ಮಲೆನಾಡಿನ ಗಾಡಿಗಳಲ್ಲಿ ಈ ಎರಡನೇ ಅಳತೆ ತುಂಬ ಮುಖ್ಯ. ಮಳೆ, ಕೆಸರು, ಸಗಣಿ ಗೊಬ್ಬರದ ಹೊರೆ ಎಲ್ಲ ಸೇರಿ ಅರ್ತ್ ಕೇಬಲ್ ಬಾಡಿಗೆ ಮತ್ತು ಗೇರ್‌ಬಾಕ್ಸಿಗೆ ಕೂರುವ ಜಾಗ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಬೋಲ್ಟ್ ಗಟ್ಟಿಯಾಗಿಯೇ ಇರುತ್ತದೆ. ಬಿಚ್ಚಿ ನೋಡಿದರೆ ಥಿಂಬಲ್ ಕೆಳಗೆ ಕಂದು ಪುಡಿ. ಉಜ್ಜಿ ಹೊಳೆಯುವ ಲೋಹ ತಂದು, ಗಟ್ಟಿ ಮಾಡಿ, ಮೇಲೆ ತೆಳ್ಳಗೆ ಗ್ರೀಸ್ ಹಚ್ಚಿ. ಅರ್ತ್ ಕೆಟ್ಟಿದೆಯೋ ಅಂತ ಬೇಗ ತಿಳಿಯಲು ಒಂದು ಜಂಪರ್ ಕೇಬಲನ್ನು ಬ್ಯಾಟರಿ ಮೈನಸ್ಸಿನಿಂದ ನೇರ ಸ್ಟಾರ್ಟರ್ ಬಾಡಿಗೆ ಹಿಡಿಸಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿತು ಅಂದರೆ ಸ್ಟಾರ್ಟರಿನ ತಪ್ಪೇನೂ ಇಲ್ಲ.

ಈ ಎರಡೂ ಸರಿಯಿದ್ದರೆ ಮೂರನೆಯದು ‘ಎಂ’ ಬೋಲ್ಟ್. ಕಪ್ಪು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಕೆಂಪು ‘ಎಂ’ಗೆ. ಈ ಅಳತೆ ತೊಂದರೆ ಬಂದ ಹೊತ್ತಿನಲ್ಲೇ ಆಗಬೇಕು, ಅಂದರೆ ‘ಟಕ್’ ಅಂದು ನಿಂತಾಗ. ನಿಮ್ಮದು ಬಂದು ಹೋಗುವ ದೋಷ. ಪ್ರೋಬ್‌ಗಳಿಗೆ ಕ್ಲಿಪ್ ಸಿಕ್ಕಿಸಿ, ಉದ್ದ ವೈರಿನಿಂದ ಮೀಟರನ್ನು ಡ್ಯಾಶ್‌ಬೋರ್ಡಿನ ಹತ್ತಿರ ತಂದಿಟ್ಟು ಪದೇ ಪದೇ ಕೀ ತಿರುಗಿಸಿ. ವೈರು ಬಿಸಿ ಸೈಲೆನ್ಸರಿಗೆ, ಬೆಲ್ಟಿಗೆ ತಾಗದಂತೆ ಕಟ್ಟಿ. ಎಂಜಿನ್ ತಿರುಗದೆ ನಿಂತ ಆ ಸೆಕೆಂಡಿನಲ್ಲಿ ‘ಎಂ’ ಮೇಲೆ 12 ವೋಲ್ಟಿನ ಹತ್ತಿರ ಇದ್ದರೆ ಕರೆಂಟು ಮೋಟಾರಿನ ಬಾಗಿಲವರೆಗೆ ಬಂದಿದೆ, ಒಳಗೆ ಹೋಗುತ್ತಿಲ್ಲ. ಬ್ರಷ್ ಅಥವಾ ಆರ್ಮೇಚರ್. ‘ಎಂ’ ಮೇಲೆ ಒಂದೆರಡು ವೋಲ್ಟೂ ಇಲ್ಲ, ಆದರೆ ‘ಬಿ’ ಮೇಲೆ 12 ಇದೆ ಅಂದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿದೆ. ‘ಬಿ’, ‘ಎಂ’ ಎರಡೂ ಕಡೆ ವೋಲ್ಟೇಜ್ 9ಕ್ಕಿಂತ ಕೆಳಗೆ ಕುಸಿದು, ಲೈಟೂ ಮಂಕಾದರೆ ಮೋಟಾರ್ ಬಿಗಿದಿದೆ ಅಥವಾ ಒಳಗೆ ಶಾರ್ಟ್ ಇದೆ. ಆಗ ಎಂಜಿನ್ನೇ ಬಿಗಿದಿದೆಯೋ ಅಂತಲೂ ನೋಡಿ: ಫೋರ್ತ್ ಗೇರಿನಲ್ಲಿ ಗಾಡಿ ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗಬೇಕು.

ಈ ಮೂರನೇ ಅಳತೆಯೇ ನಿಮಗೆ ತೀರ್ಪು ಕೊಡುತ್ತದೆ. ಸೊಲೆನಾಯ್ಡ್ ತರಬೇಕೋ ಬ್ರಷ್ ತರಬೇಕೋ ಅಂತ ಅಂಗಡಿಗೆ ಹೋಗುವ ಮೊದಲೇ ಗೊತ್ತಾಗಿರುತ್ತದೆ.

‘ಎಸ್’ ಬಗ್ಗೆಯೂ ಒಂದು ಮಾತು. ಕೀ ತಿರುಗಿಸಿದಾಗ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು, ಒಂದು ವೋಲ್ಟ್ ಕಡಿಮೆಯಾದರೆ ಪರವಾಗಿಲ್ಲ. 7, 8 ವೋಲ್ಟ್ ಮಾತ್ರ ಬರುತ್ತಿದ್ದರೆ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಸೊಲೆನಾಯ್ಡ್ ಎಳೆಯುವಾಗ ಒಂದು ಕ್ಷಣ ಹತ್ತಾರು ಆಂಪಿಯರ್ ಬೇಕು, ಹಳೆಯ ಸ್ವಿಚ್ಚಿಗೆ ಅದು ಭಾರ. ನಾಲ್ಕು ಪಿನ್ನಿನ 40 ಆಂಪಿಯರ್ ರಿಲೇ ಹಾಕಿದರೆ ಸಾಕು. ಕೀಯಿಂದ ‘ಎಸ್’ಗೆ ಬರುತ್ತಿದ್ದ ವೈರನ್ನು ರಿಲೇಯ 86ಕ್ಕೆ ಕೊಡಿ. 85 ಅರ್ತ್. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾದು 30ಕ್ಕೆ. 87ರಿಂದ ಹೊಸ ವೈರು ‘ಎಸ್’ಗೆ. ‘ಟಕ್’ ಕೂಡ ಕೇಳಿಸದೆ ಮೌನವಾಗುವ ಹಳೆಯ ಗಾಡಿಗಳಿಗೆ ಇದು ಒಳ್ಳೆಯ ಮದ್ದು. ನಿಮ್ಮ ಗಾಡಿಗೆ ಬೇಕಾಗಲಾರದು, ಆದರೂ ಅಳೆದು ನೋಡಿ.

ಸ್ಕ್ರೂಡ್ರೈವರಿನಿಂದ ‘ಬಿ’ ಮತ್ತು ‘ಎಸ್’ ಸೇರಿಸಿ ಸ್ಟಾರ್ಟ್ ಮಾಡುವುದನ್ನು ನೀವು ನೋಡಿರುತ್ತೀರಿ. ನಾನು ಅದನ್ನು ಹೇಳಿಕೊಡುವುದಿಲ್ಲ. ಗೇರಿನಲ್ಲಿದ್ದ ಗಾಡಿ ಹಾಗೆ ಮುಂದೆ ಹಾರಿ ಜನ ಕೆಳಗೆ ಸಿಕ್ಕಿಬೀಳುವ ಅಪಾಯವಿದೆ. ಸ್ಕ್ರೂಡ್ರೈವರ್ ಜಾರಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟು ಅದರ ಮೇಲೇ ಹರಿಯುತ್ತದೆ. ಮೀಟರ್ ಇರುವವರಿಗೆ ಅದರ ಅಗತ್ಯವೂ ಇಲ್ಲ.

ಇನ್ನು ಬಿಚ್ಚುವುದು. ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ತೆಗೆದ ಕೇಬಲನ್ನು ಬಟ್ಟೆ ಸುತ್ತಿ ದೂರ ಇಡಿ. ‘ಬಿ’ ಕೇಬಲ್ ಯಾವಾಗಲೂ ಜೀವಂತ, ಕೀ ಆಫ್ ಇದ್ದರೂ. ಎಂಜಿನ್ ಪೂರಾ ತಣ್ಣಗಾಗಿರಲಿ. ಸ್ಟಾರ್ಟರ್ ಕೂತಿರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ಸೀಟು ಎತ್ತಿದರೂ ಬೋಲ್ಟಿಗೆ ಕೈ ಸಿಗದೆ ಗಾಡಿಯ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬಬೇಡಿ. ಕೆಳಗೆ ಸ್ಟ್ಯಾಂಡ್ ಇಡಿ, ಇಲ್ಲವೇ ಗಟ್ಟಿ ಮರದ ದಿಮ್ಮಿ. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು ಬೇಡ, ಅವು ಭಾರಕ್ಕೆ ಒಮ್ಮೆಲೇ ಒಡೆಯುತ್ತವೆ. ‘ಬಿ’ ನಟ್ ತೆಗೆಯುವಾಗ ಬೋಲ್ಟ್ ತಿರುಗದಂತೆ ನೋಡಿ, ತಿರುಗಿದರೆ ಒಳಗಿನ ಪ್ಲಾಸ್ಟಿಕ್ ಮುಚ್ಚಳ ಸೀಳುತ್ತದೆ. ಕೊನೆಯ ಬೋಲ್ಟ್ ಬಿಡುವಾಗ ಒಂದು ಕೈಯಲ್ಲಿ ಸ್ಟಾರ್ಟರ್ ಹಿಡಿದಿರಿ. ಮೂರ್ನಾಲ್ಕು ಕಿಲೋ ತೂಕ ಮುಖದ ಮೇಲೆ ಬೀಳುವುದು ಬೇಡ.

ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ. ಬಿಚ್ಚುವ ಮೊದಲು ಬಾಡಿ, ಮುಂದಿನ ಮೂತಿ, ಹಿಂದಿನ ಮುಚ್ಚಳ ಮೂರರ ಮೇಲೂ ಅಡ್ಡವಾಗಿ ಒಂದು ಗೆರೆ ಎಳೆಯಿರಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ. ‘ಎಂ’ ನಟ್ ತೆಗೆದು ಜಡೆ ಬಿಡಿಸಿ. ಸೊಲೆನಾಯ್ಡಿನ ಎರಡು ಸ್ಕ್ರೂ ತೆಗೆದು, ಅದನ್ನು ಸ್ವಲ್ಪ ಮೇಲೆತ್ತಿ ಫೋರ್ಕಿನ ಕೊಂಡಿಯಿಂದ ಪ್ಲಂಜರ್ ಬಿಡಿಸಿ. ಹಿಂದಿನಿಂದ ಉದ್ದಕ್ಕೆ ಹೋಗುವ ಎರಡು ಬೋಲ್ಟ್ ತೆಗೆದರೆ ಮುಚ್ಚಳ ಬರುತ್ತದೆ. ಶಾಫ್ಟಿನ ತುದಿಯಲ್ಲಿ ಸಣ್ಣ ಕ್ಲಿಪ್, ತೆಳ್ಳನೆಯ ವಾಷರುಗಳು ಇರಬಹುದು. ಅವು ಎಷ್ಟಿದ್ದವೋ ಅಷ್ಟೇ, ಅದೇ ಕ್ರಮದಲ್ಲಿ ವಾಪಸ್ ಹೋಗಬೇಕು. ಒಳಗೆ ಆಯಸ್ಕಾಂತ ಇದ್ದರೆ ಆರ್ಮೇಚರನ್ನು ಜೋರಾಗಿ ಎಳೆದು ಹಿಡಿಯುತ್ತದೆ, ಬೆರಳು ಜೋಪಾನ. ಕಬ್ಬಿಣದ ಪುಡಿ ಇರುವ ಮೇಜಿನ ಮೇಲೆ ಆ ಬಾಡಿ ಇಡಬೇಡಿ.

ಈಗ ಬ್ರಷ್. ನಾಲ್ಕು ಇರುತ್ತವೆ. ಎರಡು ಅರ್ತ್ ಬದಿ, ಎರಡು ಕರೆಂಟ್ ಬದಿ. ಹೊಸ ಬ್ರಷ್ ಸಾಮಾನ್ಯವಾಗಿ 15, 16 ಮಿಲಿಮೀಟರ್ ಸುತ್ತ ಉದ್ದ. 10ಕ್ಕಿಂತ ಗಿಡ್ಡವಾಗಿದ್ದರೆ ನಾಲ್ಕನ್ನೂ ಬದಲಾಯಿಸಿ. ಉದ್ದ ಸಾಕಷ್ಟಿದ್ದರೂ ಗೂಡಿನಲ್ಲಿ ಸಲೀಸಾಗಿ ಜಾರುತ್ತದೆಯೇ ನೋಡಿ. ಕಾರ್ಬನ್ ಪುಡಿಗೆ ಎಂಜಿನ್ ಆಯಿಲ್ ಸೇರಿ ಅಂಟಾದರೆ ಬ್ರಷ್ ಗೂಡಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಟ್ಟಿದರೆ ತಿರುಗುವ ಸ್ಟಾರ್ಟರಿನ ಕಥೆ ಎಷ್ಟೋ ಸಲ ಇದೇ. ಹಾಗಿದ್ದರೆ ಆಯಿಲ್ ಎಲ್ಲಿಂದ ಸೋರಿತು ಅಂತ ಹುಡುಕಿ ನಿಲ್ಲಿಸದೆ ಹೊಸ ಬ್ರಷ್ ಹಾಕಿ ಪ್ರಯೋಜನವಿಲ್ಲ. ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಸುಟ್ಟು ಬಲ ಕಳೆದುಕೊಂಡಿದೆ, ಅದನ್ನೂ ಬದಲಾಯಿಸಿ.

ಕೆಲವು ಸ್ಟಾರ್ಟರುಗಳಲ್ಲಿ ಬ್ರಷ್ ಹೋಲ್ಡರ್ ಪ್ಲೇಟ್ ಇಡಿಯಾಗಿ ಸಿಗುತ್ತದೆ. ಹಾಗೆ ಸಿಕ್ಕರೆ ಅದನ್ನೇ ತನ್ನಿ, ಕೆಲಸ ಹಗುರ. ಫೀಲ್ಡ್ ಕಾಯಿಲಿಗೆ ಬೆಸೆದ ಬ್ರಷ್ ಆದರೆ ಹಳೆಯ ತಾಮ್ರದ ಜಡೆಯನ್ನು ಬ್ರಷ್ ಹತ್ತಿರ ಕತ್ತರಿಸಿ, ಸ್ವಲ್ಪ ಉದ್ದ ಉಳಿಸಿಕೊಳ್ಳಿ. ಅದಕ್ಕೆ ಹೊಸ ಬ್ರಷ್‌ನ ಜಡೆ ಸುತ್ತಿ ಬೆಸುಗೆ ಹಾಕಿ. ಇಲ್ಲಿ ನಿಮ್ಮ ಸಣ್ಣ ಸೋಲ್ಡರಿಂಗ್ ಐರನ್ ಸಾಲುವುದಿಲ್ಲ. ರೇಡಿಯೋ ರಿಪೇರಿಯ 25 ವ್ಯಾಟಿನದು ಆ ತಾಮ್ರವನ್ನು ಬಿಸಿ ಮಾಡಲಾರದು, 100 ವ್ಯಾಟ್ ಅಥವಾ ಹೆಚ್ಚಿನದು ಬೇಕು. ಮುಖ್ಯ ಎಚ್ಚರ ಒಂದಿದೆ. ಕರಗಿದ ಬೆಸುಗೆ ಜಡೆಯ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಹಾಗಾದರೆ ಜಡೆ ಕಡ್ಡಿಯಂತೆ ಬಿಗಿಯಾಗಿ ಬ್ರಷ್ ಜಾರುವುದಿಲ್ಲ, ಹೊಸದು ಹಾಕಿದರೂ ಹಳೆಯ ತೊಂದರೆ. ಜಾಯಿಂಟಿನ ಮೇಲಿನ ಜಡೆಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು ಬೆಸೆಯಿರಿ. ಇಕ್ಕಳ ಶಾಖ ಎಳೆದುಕೊಳ್ಳುತ್ತದೆ, ಬೆಸುಗೆ ಅಲ್ಲೇ ನಿಲ್ಲುತ್ತದೆ.

ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ ಕಮ್ಯುಟೇಟರ್. ಕಪ್ಪಾಗಿದ್ದರೆ 400 ನಂಬರಿನ ಮರಳು ಕಾಗದದ ಪಟ್ಟಿ ಸುತ್ತಿ, ಆರ್ಮೇಚರ್ ತಿರುಗಿಸುತ್ತಾ ಹದವಾಗಿ ಹೊಳಪು ತನ್ನಿ. ಎಮರಿ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಸಿಕ್ಕರೆ ಶಾರ್ಟ್ ಆಗುವ ಭಯವಿದೆ. ಪಟ್ಟಿಗಳ ನಡುವಿನ ಅಭ್ರಕ ತಾಮ್ರಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ತಗ್ಗಾಗಿರಬೇಕು. 0.2ಕ್ಕಿಂತ ಕಡಿಮೆ ಇದ್ದರೆ ಹ್ಯಾಕ್‌ಸಾ ಬ್ಲೇಡಿನ ತುಂಡಿನಿಂದ ಮೆಲ್ಲಗೆ ಕೆರೆದು ತಗ್ಗು ಮಾಡಿ. ಆಳ ಗೀರು, ಹೊಂಡ ಇದ್ದರೆ ಲೇತ್‌ನವರ ಹತ್ತಿರ ತೆಳ್ಳಗೆ ಹೊಡೆಸಬೇಕು.

ನಿಮ್ಮ ಮೀಟರಿನ ಬೀಪ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಪ್ರೋಬ್ ಶಾಫ್ಟಿಗೆ, ಇನ್ನೊಂದು ಕಮ್ಯುಟೇಟರಿನ ಒಂದೊಂದೇ ಪಟ್ಟಿಗೆ. ಯಾವುದಕ್ಕೂ ಬೀಪ್ ಬರಬಾರದು. ಬಂದರೆ ಆರ್ಮೇಚರ್ ಅರ್ತ್ ಆಗಿದೆ. ಪಟ್ಟಿಯಿಂದ ಪಕ್ಕದ ಪಟ್ಟಿಗೆ ಬೀಪ್ ಬರಲೇಬೇಕು. ಒಂದು ಜೋಡಿಗೆ ಬರಲಿಲ್ಲ ಅಂದರೆ ಸುರುಳಿ ಕಡಿದಿದೆ. ಸುರುಳಿಗಳು ಒಂದಕ್ಕೊಂದು ಶಾರ್ಟ್ ಆಗಿರುವುದು ಮಾತ್ರ ಮೀಟರಿನಲ್ಲಿ ತಿಳಿಯದು. ಅದಕ್ಕೆ ವೈಂಡಿಂಗ್ ಅಂಗಡಿಯಲ್ಲಿ ಗ್ರೌಲರ್ ಅನ್ನುವ ಪರೀಕ್ಷೆಯ ಸಾಧನ ಇರುತ್ತದೆ.

‘ಎಂ’ ಅಳತೆಯಲ್ಲಿ ಸೊಲೆನಾಯ್ಡ್ ತಪ್ಪಿತಸ್ಥ ಅಂತ ಬಂದಿದ್ದರೆ ಅದರ ಹಿಂದಿನ ಮುಚ್ಚಳ ನೋಡಿ. ಸ್ಕ್ರೂ ಇರುವ ಬಗೆಯಾದರೆ ತೆರೆಯಬಹುದು. ಒಳಗೆ ಎರಡು ಬೋಲ್ಟಿನ ತಲೆಗಳು, ಅವುಗಳ ಮೇಲೆ ಕೂರುವ ತಾಮ್ರದ ಬಿಲ್ಲೆ. ಹೊಂಡ ಬಿದ್ದು ಕಪ್ಪಾಗಿರುತ್ತವೆ. ಕಾಂಟ್ಯಾಕ್ಟುಗಳು ಬಿಡಿಯಾಗಿ ಸಿಕ್ಕರೆ ಬದಲಾಯಿಸಿ. ಅರದಿಂದ ಮಟ್ಟ ಮಾಡಿದರೂ ಕೆಲವು ತಿಂಗಳು ನಡೆಯುತ್ತದೆ, ಆದರೆ ತುಂಬ ಅರೆದರೆ ಬಿಲ್ಲೆ ತಲೆಗಳನ್ನು ಮುಟ್ಟುವುದೇ ಇಲ್ಲ. ಮುಚ್ಚಳವನ್ನು ಒತ್ತಿ ಮಡಚಿ, ವೈರಿನ ತುದಿ ಬೆಸೆದ ಬಗೆಯಾದರೆ ತೆರೆಯುವ ಗೋಜು ಬೇಡ. ಸೊಲೆನಾಯ್ಡ್ ಒಂದನ್ನೇ ಹೊಸದು ಹಾಕಿ.

ಪಿನಿಯನ್, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಅನ್ನುವ ಭಾಗ, ಒಂದು ದಿಕ್ಕಿಗೆ ಸಲೀಸಾಗಿ ತಿರುಗಿ ಇನ್ನೊಂದು ದಿಕ್ಕಿಗೆ ಕಚ್ಚಬೇಕು. ಎರಡೂ ಕಡೆ ತಿರುಗಿದರೆ ಹೋಗಿದೆ. ಅಂಥ ಗಾಡಿಯಲ್ಲಿ ‘ಗುಂಯ್’ ಅಂತ ಮೋಟಾರ್ ಮಾತ್ರ ತಿರುಗುತ್ತದೆ, ಎಂಜಿನ್ ನಿಂತಲ್ಲೇ. ಇದನ್ನು ಯಾವ ಕಾರಣಕ್ಕೂ ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಬೇಡಿ. ಒಳಗೆ ಕಂಪನಿ ತುಂಬಿದ ಗ್ರೀಸ್ ಕರಗಿ ಹೋಗುತ್ತದೆ, ಮತ್ತೆ ತುಂಬುವ ದಾರಿ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಶಾಫ್ಟಿನ ತುದಿಗಳು ಕೂತು ತಿರುಗುವ ಬುಷ್‌ಗಳನ್ನು ಜನ ಮರೆಯುತ್ತಾರೆ. ಶಾಫ್ಟ್ ಹಾಕಿ ಅಲುಗಾಡಿಸಿ. ಆಟ ಜಾಸ್ತಿ ಇದ್ದರೆ ಆರ್ಮೇಚರ್ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತಿರುತ್ತದೆ, ಅದರ ಮೈಮೇಲೆ ಹೊಳೆಯುವ ಗೀರು ಕಾಣುತ್ತದೆ. ಹೊಸ ಕಂಚಿನ ಬುಷ್ ಹಾಕುವ ಮೊದಲು ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಸಿಡಿ. ಅದರ ಸಣ್ಣ ರಂಧ್ರಗಳು ಆಯಿಲ್ ಹೀರಿಕೊಂಡು ಮುಂದೆ ವರ್ಷಗಟ್ಟಲೆ ಶಾಫ್ಟಿಗೆ ಕೊಡುತ್ತವೆ.

ಜೋಡಿಸಿದ ಮೇಲೆ ಗಾಡಿಗೆ ಹಾಕುವ ಮೊದಲು ಪರೀಕ್ಷೆ ಮಾಡಿ. ‘ಎಂ’ ಜಡೆ ಬಿಚ್ಚಿಡಿ. ಬ್ಯಾಟರಿಯ ಮೈನಸ್ಸನ್ನು ಸ್ಟಾರ್ಟರ್ ಬಾಡಿಗೂ ‘ಎಂ’ ಬೋಲ್ಟಿಗೂ ಕೊಟ್ಟು, ಪ್ಲಸ್ಸನ್ನು ‘ಎಸ್’ಗೆ ತಾಗಿಸಿ. ಪಿನಿಯನ್ ‘ಟಪ್’ ಅಂತ ಹೊರಗೆ ಹಾರಬೇಕು. ಪ್ಲಸ್ ಹಾಗೇ ಇದ್ದು ‘ಎಂ’ನ ಮೈನಸ್ ಮಾತ್ರ ತೆಗೆಯಿರಿ, ಪಿನಿಯನ್ ಹೊರಗೇ ನಿಲ್ಲಬೇಕು. ಬಾಡಿಯ ಮೈನಸ್ಸೂ ತೆಗೆದರೆ ತಕ್ಷಣ ಒಳಗೆ ಹೋಗಬೇಕು. ಇಷ್ಟನ್ನು ಐದು ಸೆಕೆಂಡಿನೊಳಗೆ ಮುಗಿಸಿ, ಕಾಯಿಲ್ ಬಿಸಿಯಾಗುತ್ತದೆ. ಆಮೇಲೆ ಜಡೆ ಕೂರಿಸಿ, ಸ್ಟಾರ್ಟರನ್ನು ವೈಸಿನಲ್ಲಿ ಭದ್ರ ಮಾಡಿ, ಬಾಡಿಗೆ ಮೈನಸ್, ‘ಬಿ’ಗೆ ಪ್ಲಸ್ ಕೊಟ್ಟು ‘ಎಸ್’ಗೆ ಒಂದು ವೈರು ತಾಗಿಸಿ. ಒಮ್ಮೆಲೇ ಜೋರಾಗಿ ಒದ್ದು ತಿರುಗುತ್ತದೆ. ನೆಲದ ಮೇಲೆ ಕಾಲಲ್ಲಿ ಒತ್ತಿ ಹಿಡಿದು ಮಾಡುವುದು ಬೇಡ. ಶಬ್ದ ಒಂದೇ ಸಮ ಇರಬೇಕು, ಉಜ್ಜುವ ಸದ್ದು ಬರಬಾರದು.

ಸ್ಟಾರ್ಟರ್ ಹೊರಗಿರುವಾಗಲೇ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ರಿಂಗ್ ಗೇರ್ ನೋಡಿ. ಓಮ್ನಿಯದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಇಂಥ ಎಂಜಿನ್ ಆಫ್ ಮಾಡಿದಾಗ ಪ್ರತಿ ಸಲ ಹೆಚ್ಚು ಕಡಿಮೆ ಮೂರು ಜಾಗಗಳಲ್ಲಿ ಒಂದರಲ್ಲಿ ನಿಲ್ಲುತ್ತದೆ, ಯಾಕೆಂದರೆ ಯಾವುದಾದರೂ ಸಿಲಿಂಡರಿನ ಕಂಪ್ರೆಷನ್ ಅದನ್ನು ತಡೆಯುತ್ತದೆ. ಹಾಗಾಗಿ ಹಲ್ಲು ಸವೆಯುವುದೂ ಆ ಮೂರು ಕಡೆ. ಸ್ಪಾರ್ಕ್ ಪ್ಲಗ್ ತೆಗೆದು, ಕೀ ಆಫ್ ಮಾಡಿ, ಫೋರ್ತ್ ಗೇರಿನಲ್ಲಿ ಗಾಡಿಯನ್ನು ಇಂಚಿಂಚೇ ತಳ್ಳಿಸುತ್ತಾ ಪೂರ್ತಿ ಸುತ್ತು ನೋಡಿ. ಹಲ್ಲು ತುಂಡಾಗಿದ್ದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ, ಅದು ಗ್ಯಾರೇಜಿನಲ್ಲೇ ಆಗಬೇಕು.

ವಾಪಸ್ ಕೂರಿಸುವಾಗ ಸ್ಟಾರ್ಟರಿನ ಮೂತಿ ಮತ್ತು ಅದು ಕೂರುವ ಜಾಗ ಎರಡನ್ನೂ ಉಜ್ಜಿ ಹೊಳೆಸಿ. ಅಲ್ಲಿ ಪೇಂಟ್ ಹೊಡೆಯಬೇಡಿ, ಸ್ಟಾರ್ಟರಿಗೆ ಅರ್ತ್ ಸಿಗುವುದೇ ಆ ಮುಖದಿಂದ. ಬ್ಯಾಟರಿ ಮೈನಸ್ ಕೊನೆಗೆ. ಮುಂದೆ ಸೆಲ್ಫ್ ಹೊಡೆಯುವಾಗ ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ. ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಗಾಡಿ ತೊಳೆಯುವಾಗ ಜೋರು ನೀರಿನ ಪೈಪನ್ನು ಅತ್ತ ಹಿಡಿಯಬೇಡಿ.

ಆರ್ಮೇಚರ್ ಸುಟ್ಟಿದ್ದರೆ, ಆಯಸ್ಕಾಂತ ಸೀಳಿದ್ದರೆ ಮನೆಯ ರಿಪೇರಿ ಅಲ್ಲಿಗೆ ನಿಲ್ಲಿಸಿ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ರೀಕಂಡಿಷನ್ ಮಾಡಿದ್ದು ಸಿಗುತ್ತದೆ. ಶಿವಮೊಗ್ಗದಲ್ಲಿ ಕೇಳಿ, ಸಿಗದಿದ್ದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹಳೆಯ ಸ್ಟಾರ್ಟರನ್ನು ಕೈಯಲ್ಲೇ ಒಯ್ಯಿರಿ. ಗಾಡಿಯ ಹೆಸರು ಹೇಳಿ ತಂದದ್ದು ಎಷ್ಟೋ ಸಲ ಕೂರುವುದಿಲ್ಲ. ಪಿನಿಯನ್ನಿನ ಹಲ್ಲು ಎಣಿಸಿ, ಬೋಲ್ಟ್ ತೂತಿನ ಅಂತರ ಹೋಲಿಸಿ, ತಿರುಗುವ ದಿಕ್ಕು ಒಂದೇ ಇದೆಯೇ ನೋಡಿ, ಅಂಗಡಿಯ ಬ್ಯಾಟರಿಯಲ್ಲಿ ಎದುರಿಗೇ ಒಮ್ಮೆ ತಿರುಗಿಸಿ ತೋರಿಸಲು ಹೇಳಿ. ಆಮೇಲೆ ದುಡ್ಡು ಕೊಡಿ.